ಹುಳುಮನೆಗೆ ಹೋದ ರಿಜಿಸ್ಟರು

ಮೊನ್ನೆ ಪರೀಕ್ಷೆಯ ಕೆಲಸಕ್ಕೆಂದು ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಬಸ್ಸಿನಲ್ಲಿ ಹೊರಟಿದ್ದೆ. ಶಿಡ್ಲಘಟ್ಟದಲ್ಲಿ ಒಬ್ಬಾಕೆ ಒದ್ದೆ ಗೋಣಿತಾಟಿನಲ್ಲಿ ಕಟ್ಟಿದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಹತ್ತಿಸಿ ನನ್ನ ಕಾಲ ಬಳಿಯೇ ಇಟ್ಟು, "ಒಂಚೂರು ಕಾಲು ಮಡಿಸ್ಕೊಳ್ಳಿ ಅಕ್ಕಾ, ಮುಂದಿನ ಗೇಟಲ್ಲೇ ಇಳ್ಕೊಂತೀನಿ" ಎಂದಳು. ಹಸಿ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಆ ವಾಸನೆ ಬಂದರೆ ಅಜ್ಜಿಯ ಮನೆ, ಬೇಸಿಗೆ ರಜೆ, ಬೆರಳಿಗಂಟಿದ ಹಿಪ್ಪುನೇರಳೆ ಹಣ್ಣಿನ ಕಲೆ ಇವೆಲ್ಲ ನೆನಪಾಗಬೇಕು. ನನಗೆ ನೆನಪಾಗುವುದು ನನ್ನದೇ ಒಂದು ಸಹಿ. ಬಸ್ಸು ಚಿಂತಾಮಣಿ ಮುಟ್ಟಲು ಇನ್ನೂ ಹೊತ್ತಿದೆ, ಹೇಳುತ್ತೇನೆ ಕೇಳಿ.

ನೀವು ನಮ್ಮ ಕಡೆಯವರಲ್ಲದಿದ್ದರೆ ಮೊದಲು ಒಂದು ವಿಷಯ ತಿಳಿದಿರಬೇಕು. ರೇಷ್ಮೆ ಹುಳು ಸಾಕುವವರಿಗೆ ಹಳೆಯ ಕಾಗದ ಬೇಕೇ ಬೇಕು. ಬಿದಿರಿನ ತಟ್ಟೆಯ ಮೇಲೆ ಕಾಗದ ಹಾಸಿ, ಅದರ ಮೇಲೆ ಹುಳು ಬಿಟ್ಟು ಸೊಪ್ಪು ಉದುರಿಸುತ್ತಾರೆ. ಕಸ ತೆಗೆಯುವಾಗ ಕಾಗದ ಬದಲಾಯಿಸುತ್ತಾರೆ. ಬೆಳೆಯಿಂದ ಬೆಳೆಗೆ ಇದು ಮುಗಿಯದ ಕೆಲಸ. ಹಾಗಾಗಿ ನಮ್ಮ ನೆಂಟರಲ್ಲಿ ಯಾರಿಗಾದರೂ ಕಚೇರಿಯಲ್ಲೋ ಕಾಲೇಜಿನಲ್ಲೋ ಕೆಲಸ ಸಿಕ್ಕಿತೆಂದರೆ, ಏನು ಕೆಲಸ ಎಂದು ಕೇಳುವ ಮೊದಲೇ "ಅಲ್ಲಿ ಹಳೇ ಪೇಪರ್ ಸಿಗ್ತದಾ?" ಎಂದು ಕೇಳುತ್ತಾರೆ. ಹೈಸ್ಕೂಲು ಮೇಷ್ಟ್ರಾಗಿದ್ದ ನಮ್ಮ ದೊಡ್ಡಪ್ಪನಿಗೆ ಬಂಧುಬಳಗದಲ್ಲಿ ಇದ್ದ ಮರ್ಯಾದೆಯೆಲ್ಲ ಅವರು ತಿದ್ದಿದ ಉತ್ತರ ಪತ್ರಿಕೆಗಳಿಂದಲೇ ಬಂದದ್ದು. ಗಣಿತದಲ್ಲಿ ಸೊನ್ನೆ ತೆಗೆದವರ ಹಾಳೆಗಳ ಮೇಲೆ ಬೆಳೆದ ಹುಳುಗಳು ಒಳ್ಳೊಳ್ಳೆ ಗೂಡು ಕಟ್ಟುತ್ತಿದ್ದವು.

ಸಾದಲಿಯಲ್ಲಿರುವ ನನ್ನ ಸೋದರತ್ತೆಗಂತೂ ಕಾಗದದ ವಿಷಯದಲ್ಲಿ ದೊಡ್ಡ ಶಾಸ್ತ್ರವೇ ಇತ್ತು. ದಪ್ಪ ಹುಳುವಿಗೆ ಎಂಥ ಕಾಗದವಾದರೂ ನಡೆದೀತು. ಆದರೆ ಮೊಟ್ಟೆಯೊಡೆದು ಬಂದ ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಗಳಿಗೆ, ಬರೆದ ಹಾಳೆ ಆಗುವುದೇ ಇಲ್ಲ. "ಇಂಕು ಎಳೇ ಹುಳಕ್ಕೆ ವಿಷ ಕಣೇ. ಖಾಲಿ ಹಾಳೆ ಇದ್ರೆ ತತ್ತಾ" ಎನ್ನುತ್ತಿದ್ದಳು. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ನಮ್ಮ ವಿಶ್ವವಿದ್ಯಾಲಯದ ಕೇಂದ್ರಕ್ಕೆ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದಾಗ ಮನೆಯವರೆಲ್ಲ ನನ್ನ ಪಾಠವನ್ನು ಹೊಗಳಿದರೆ ಅತ್ತೆ ಮಾತ್ರ, "ದೊಡ್ಡ ಕಾಲೇಜಂತೆ, ದಪ್ಪ ದಪ್ಪ ರಿಜಿಸ್ಟ್ರು ಇರ್ತವೆ" ಎಂದು ಸಂತೋಷಪಟ್ಟಳು.

ಇದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ. ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು. ಊರಿಗೆ ಊರೇ ಹೊಸ ಬೋರ್ಡು ಬರೆಸುವ ಸಂಭ್ರಮದಲ್ಲಿರುವಾಗ ನಮ್ಮ ಕೇಂದ್ರಕ್ಕೂ ತನ್ನ ಚರಿತ್ರೆ ಬರೆಸಿಕೊಳ್ಳುವ ಆಸೆಯಾಯಿತು. ವಿಶ್ವವಿದ್ಯಾಲಯ ಒಂದು ಬಾಡಿಗೆ ಕಟ್ಟಡದಲ್ಲಿ ಬೆರಳೆಣಿಕೆಯ ವಿದ್ಯಾರ್ಥಿಗಳೊಂದಿಗೆ ಇಲ್ಲಿ ಪಾಠ ಆರಂಭಿಸಿದಂದಿನಿಂದ ಇಂದಿನವರೆಗಿನ ಕಥೆ. ನಮ್ಮ ವಿಭಾಗದ ಪ್ರೊಫೆಸರು ಸಂಪಾದಕರು. "ಆರಂಭದ ವರ್ಷಗಳು" ಎಂಬ ಮೊದಲ ಅಧ್ಯಾಯ ನನಗೆ ಬಂತು. ತಾತ್ಕಾಲಿಕದವಳಿಗೆ ಮೊದಲ ಅಧ್ಯಾಯ ಸಿಕ್ಕಿದ್ದು ನನ್ನ ಯೋಗ್ಯತೆಗೆ ಎಂದುಕೊಂಡು ಬೀಗಿದೆ. ದಾಖಲೆ ಕೋಣೆಯ ಬಾಗಿಲು ತೆಗೆಸಿದ ಮೇಲೆ ಕಾಯಂ ಉಪನ್ಯಾಸಕರು ಯಾರೂ ಆ ಅಧ್ಯಾಯ ಒಪ್ಪಿಕೊಂಡಿರಲಿಲ್ಲ ಎಂಬುದು ಗೊತ್ತಾಯಿತು.

ಕೋಣೆ ಹೆಂಗಸರ ಶೌಚಾಲಯದ ಹಿಂದಿತ್ತು. ಇಲಿ ಹಿಕ್ಕೆ, ಗೆದ್ದಲು, ಮೇಲ್ಗಡೆ ಬಾವಲಿ. ಕೆಂಪು ಬಟ್ಟೆಯ ಗಂಟುಗಳು ಅಟ್ಟದ ತನಕ ಪೇರಿಸಿದ್ದವು. ಅಟೆಂಡರ್ ವೆಂಕಟರವಣಪ್ಪ ಬಾಗಿಲಲ್ಲೇ ನಿಂತು ಮೂಗಿಗೆ ಟವೆಲು ಕಟ್ಟಿಕೊಂಡು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಎರಡು ವಾರ ಸೀನಿದೆ, ಕೆಮ್ಮಿದೆ, ಕೊನೆಗೆ ಒಂದು ದಿನ ಬೇಕಾದದ್ದು ಸಿಕ್ಕಿತು. ಮೊಟ್ಟಮೊದಲ ವರ್ಷದ ವಿದ್ಯಾರ್ಥಿಗಳ ದಾಖಲಾತಿ ರಿಜಿಸ್ಟರು. ಕಂದು ರಟ್ಟು, ಒಳಗೆ ದಪ್ಪನೆಯ ಹಾಳೆ. ಮೊದಲ ಪುಟದಲ್ಲಿ ಹದಿನಾಲ್ಕು ಹೆಸರು. ಆ ಕೈಬರಹವನ್ನು ನೋಡಿ ಅಲ್ಲೇ ಧೂಳಿನಲ್ಲಿ ಕೂತುಬಿಟ್ಟೆ. ಅಷ್ಟು ಮುದ್ದಾದ ಕನ್ನಡ ಅಕ್ಷರಗಳನ್ನು ನಾನು ಯಾವ ಸರ್ಕಾರಿ ಪುಸ್ತಕದಲ್ಲೂ ಕಂಡಿರಲಿಲ್ಲ. ಹದಿನಾಲ್ಕನೆಯ ಹೆಸರಿನ ಕೆಳಗೆ ಆರೇಳು ಗೆರೆ ಖಾಲಿ ಉಳಿದಿದ್ದವು.

ಇಲ್ಲೇ ನೋಡಿ ನನ್ನ ಪಾಂಡಿತ್ಯ ಕೈಕೊಟ್ಟದ್ದು. ಪುಟದಲ್ಲಿ ಜಾಗ ಮಿಕ್ಕಿದೆ ಎಂದರೆ ಹೆಸರುಗಳು ಮುಗಿದಿವೆ ಎಂದು ತೀರ್ಮಾನಿಸಿದೆ. ಯಾರಾದರೂ ಹಾಗೇ ತೀರ್ಮಾನಿಸುತ್ತಾರೆ, ಅಲ್ಲವೆ? ಕೆಳತುದಿ ಎತ್ತಿ ಇಣುಕಿದರೆ ಮುಂದಿನ ಹಾಳೆ ಖಾಲಿಯಂತೆಯೇ ಕಂಡಿತು. ಹಾಳೆ ತಿರುಗಿಸಲಿಲ್ಲ. ಮೊದಲ ಪುಟವನ್ನು ಮಾತ್ರ ಜೆರಾಕ್ಸ್ ಮಾಡಿಸಿಕೊಂಡು ಬಂದೆ.

ಅದೇ ತಿಂಗಳು ದಾಖಲೆ ಕೋಣೆ ಖಾಲಿ ಮಾಡಿ ಅಲ್ಲಿ ಕಂಪ್ಯೂಟರ್ ಇಡುವುದೆಂದಾಯಿತು. ಬೇಡದ ಕಾಗದ ಆರಿಸಲು ಮೂರು ಜನರ ಸಮಿತಿ ಮಾಡಿದರು, ಅದರಲ್ಲಿ ನಾನೂ ಒಬ್ಬಳು. ಉಳಿದಿಬ್ಬರು ಒಂದು ದಿನವೂ ಬರಲಿಲ್ಲ. ವಿಲೇವಾರಿ ಮಾಡುವ ಕಾಗದಗಳ ಪಟ್ಟಿಯ ಕೊನೆಯಲ್ಲಿ "ಪ್ರತಿಯೊಂದು ಪುಟವನ್ನೂ ಪರಿಶೀಲಿಸಲಾಗಿದೆ, ಉಳಿಸಬೇಕಾದ ದಾಖಲೆ ಯಾವುದೂ ಇರುವುದಿಲ್ಲ" ಎಂದು ಅಚ್ಚಾಗಿತ್ತು. ವೆಂಕಟರವಣಪ್ಪ ತಂದ ಹನ್ನೊಂದು ಹಾಳೆಗೆ ಹನ್ನೊಂದು ಸಹಿ ಹಾಕಿದೆ. ಕಾಫಿ ಆರುವಷ್ಟರಲ್ಲಿ ಮುಗಿಯಿತು. ಆ ಕಂದು ರಿಜಿಸ್ಟರೂ ಆ ಪಟ್ಟಿಯಲ್ಲಿತ್ತು. ನನಗೆ ಬೇಕಾದ ಪುಟದ ನಕಲು ನನ್ನ ಹತ್ತಿರ ಇತ್ತಲ್ಲ, ಮೂಲ ಯಾಕೆ ಎನ್ನಿಸಿತು. ಇತಿಹಾಸದ ಉಪನ್ಯಾಸಕಿಗೆ ಹೀಗೆ ಅನ್ನಿಸಬಹುದೆ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

"ಮೇಡಂ, ಇದ್ನೆಲ್ಲ ಹಳೇ ಪೇಪರ್‌ನೋನಿಗೆ ಹಾಕೋದೇ. ನಿಮ್ಗೇನಾದ್ರೂ ಬೇಕಾ?" ಎಂದು ವೆಂಕಟರವಣಪ್ಪ ಕೇಳಿದರು. ಅವರ ಭಾವಮೈದುನನೂ ಹುಳು ಸಾಕುತ್ತಿದ್ದ, ಅವರಿಗೆ ಈ ಕಷ್ಟ ಗೊತ್ತಿತ್ತು. ಹೆಚ್ಚು ಖಾಲಿ ಹಾಳೆ ಇದ್ದ ರಿಜಿಸ್ಟರುಗಳನ್ನು ನಾನೇ ನಿಂತು ಆರಿಸಿದೆ. ಎರಡು ಮೂಟೆಯಾಯಿತು. ಸಾದಲಿ ಕಡೆ ಹೋಗುವ ಬಸ್ಸಿನ ಮೇಲೆ ಹಾಕಿಸಿ ಅತ್ತೆಗೆ ಫೋನು ಮಾಡಿದೆ. ಅತ್ತೆ ಫೋನಿನಲ್ಲೇ ನನಗೆ ಒಳ್ಳೆಯ ಗಂಡು ಸಿಗಲೆಂದು ಹರಸಿದಳು.

ಒಂದೂವರೆ ತಿಂಗಳು ಕಳೆದಿರಬೇಕು. ಮೊದಲ ತಂಡದ ಹದಿನಾಲ್ಕು ಹೆಸರುಗಳನ್ನು ನೋಟಿಸ್ ಬೋರ್ಡಿಗೆ ಹಾಕಿ, ತಪ್ಪಿದ್ದರೆ ತಿಳಿಸಿ ಎಂದು ಬರೆದಿದ್ದೆವು. ಒಂದು ಶನಿವಾರ ಮಧ್ಯಾಹ್ನ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. ಹೆಸರು ಸುಜಾತ, ನನ್ನದೇ ವಯಸ್ಸು. ಗೌರಿಬಿದನೂರಿನವರು, ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ನೋಡುವ ಕೆಲಸ. ಯೂನಿಫಾರ್ಮಿನಲ್ಲೇ ಬಂದಿದ್ದರು.

"ಬೋರ್ಡಲ್ಲಿ ನಮ್ಮಪ್ಪನ ಹೆಸರಿಲ್ಲ ಮೇಡಂ. ನರಸಿಂಹಪ್ಪ ಅಂತ. ಅವ್ರೂ ಮೊದಲ್ನೇ ಬ್ಯಾಚು" ಎಂದರು.

ಇಂಥವರು ನಾಲ್ಕೈದು ಜನ ಆಗಲೇ ಬಂದು ಹೋಗಿದ್ದರು. ಎಲ್ಲರ ಅಪ್ಪಂದಿರೂ ಮೊದಲನೇ ಬ್ಯಾಚು. ನಾನು ಸ್ವಲ್ಪ ಬಿಗುವಾಗಿಯೇ, "ಇದು ಮೂಲ ದಾಖಲೆಯಿಂದ ತೆಗೆದ ಪಟ್ಟಿ. ಅವರ ಹತ್ತಿರ ಸರ್ಟಿಫಿಕೇಟು ಇದ್ರೆ ತನ್ನಿ" ಎಂದೆ.

ಸರ್ಟಿಫಿಕೇಟು ಇರಲಿಲ್ಲ. ಅವರ ಅಪ್ಪ ಕೊನೆಯ ಪರೀಕ್ಷೆಗೆ ಮೊದಲೇ ಓದು ಬಿಟ್ಟಿದ್ದರಂತೆ. ಅವರ ತಂದೆ ತೀರಿಕೊಂಡರು, ಕೆಳಗೆ ನಾಲ್ಕು ಜನ ತಮ್ಮ ತಂಗಿಯರು. ಪ್ರೈಮರಿ ಶಾಲೆಯ ಮೇಷ್ಟ್ರಾಗಿ ಸೇರಿ, ಆ ತಮ್ಮ ತಂಗಿಯರನ್ನೆಲ್ಲ ಓದಿಸಿ, ಈಗ ನಿವೃತ್ತರಾಗಿದ್ದಾರೆ. ಮನೆಯಲ್ಲಿ ಇಂದು ಎಲ್ಲರ ಹೆಸರಿನ ಮುಂದೆಯೂ ಡಿಗ್ರಿ ಇದೆ, ಅವರೊಬ್ಬರ ಹೆಸರಿನ ಮುಂದೆ ಇಲ್ಲ. "ಡಿಗ್ರಿ ಇಲ್ದಿದ್ರೂ ಪರ್ವಾಗಿಲ್ಲ ಮೇಡಂ. ಓದಕ್ಕೆ ಸೇರಿದ್ದೆ ಅನ್ನೋದಾದ್ರೂ ಪುಸ್ತಕದಲ್ಲಿ ಬರ್ಲಿ ಅಂತ ಅವ್ರಿಗೆ ಆಸೆ" ಎಂದರು ಸುಜಾತ.

ನಾನು ಜೆರಾಕ್ಸ್ ಪ್ರತಿಯನ್ನು ತೆಗೆದು ಅವರ ಮುಂದಿಟ್ಟೆ. ಕಣ್ಣಾರೆ ನೋಡಲಿ, ಹೋಗಲಿ ಎಂದು. ಆಕೆ ಹೆಸರುಗಳನ್ನು ಓದಲಿಲ್ಲ. ಹಾಳೆಯನ್ನು ನೋಡುತ್ತಲೇ ಅವರ ಮುಖ ಬದಲಾಯಿತು.

"ಇದು ನಮ್ಮಪ್ಪನ ಅಕ್ಷರ" ಎಂದರು.

ನನಗೆ ಅರ್ಥವಾಗಲಿಲ್ಲ. ಆಕೆ ಬ್ಯಾಗಿನಿಂದ ಒಂದು ಡೈರಿ ತೆಗೆದು, ಅದರ ಮೊದಲ ಪುಟದಲ್ಲಿ ಅಪ್ಪ ಬರೆದುಕೊಟ್ಟಿದ್ದ ಆಕೆಯ ಹೆಸರು ವಿಳಾಸ ತೋರಿಸಿದರು. ಅದೇ ಮುದ್ದಾದ ಅಕ್ಷರ. ಮುದುಕರಾದ ಮೇಲೆ ಒಂದಿಷ್ಟು ನಡುಗಿತ್ತು, ಅಷ್ಟೇ.

"ಅವ್ರ ಅಕ್ಷರ ಚೆನ್ನಾಗಿದೆ ಅಂತ ಗುಮಾಸ್ತರು ರಿಜಿಸ್ಟ್ರನ್ನ ಅವ್ರ ಕೈಲೇ ಬರೆಸಿದ್ರಂತೆ. ಎಲ್ಲಾರ್ದೂ ಬರೆದಾದ್ಮೇಲೆ ತಮ್ದು ಬರೆಯಕ್ಕೆ ಹೋದ್ರೆ, ಇಲ್ಲಿ ಬೇಡ, ನಿಂದು ಮುಂದಿನ ಹಾಳೇಲಿ ಬರ್ಕೋ ಅಂದ್ರಂತೆ. ಅಪ್ಪ ಇದನ್ನ ನಗ್ತಾನೇ ಹೇಳೋರು. ಮುಂದಿನ ಹಾಳೆ ಎಲ್ಲಿ ಮೇಡಂ?"

ಆರೇಳು ಖಾಲಿ ಗೆರೆಗಳು ಜೆರಾಕ್ಸಿನಲ್ಲಿ ನನ್ನ ಕಣ್ಣೆದುರೇ ಇದ್ದವು. ಹೋಟೆಲಿನಲ್ಲಿ ಬೇರೆ ಲೋಟ, ಬಾವಿಯಲ್ಲಿ ಬೇರೆ ಹಗ್ಗ ಎಂದು ತರಗತಿಯಲ್ಲಿ ನಾನೇ ಪಾಠ ಮಾಡುತ್ತಿದ್ದೆ. ವಿಶ್ವವಿದ್ಯಾಲಯದ ರಿಜಿಸ್ಟರಿನಲ್ಲಿ ಬೇರೆ ಹಾಳೆ ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆ ಗುಮಾಸ್ತನ ಮೇಲೆ ಸಿಟ್ಟು ಬರುವುದಕ್ಕೂ ಮೊದಲು ಇನ್ನೊಂದು ವಿಷಯ ತಲೆಗೆ ಹೊಡೆಯಿತು. ಆ ರಿಜಿಸ್ಟರು ಸಾದಲಿಯಲ್ಲಿತ್ತು.

"ಸೋಮವಾರ ಹುಡುಕಿಸ್ತೀನಿ" ಎಂದು ಸುಳ್ಳು ಹೇಳಿ ಸುಜಾತರನ್ನು ಕಳಿಸಿದೆ. ಅರ್ಧ ಗಂಟೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿದ್ದೆ.

ಅತ್ತೆ ಹುಳುಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. "ಏಮೈಂದೇ, ಏನಾಯ್ತೇ, ಹಿಂಗೆ ಹೇಳ್ದೆ ಕೇಳ್ದೆ ಬಂದ್ಬಿಟ್ಟೆ?" ಎಂದು ಎದ್ದಳು. ಸಂತೋಷ ಬಂದರೂ ಗಾಬರಿಯಾದರೂ ಅತ್ತೆಯ ಬಾಯಲ್ಲಿ ಮೊದಲು ಬರುವುದು ತೆಲುಗು. ನಾನು ಒಂದು ಕಾಗದ ನೋಡಬೇಕಿತ್ತು ಎಂದಷ್ಟೇ ಹೇಳಿ ಒಳಗೆ ಕಾಲಿಡಲು ಹೋದೆ. ಅತ್ತೆ ಕೈ ಅಡ್ಡ ಹಿಡಿದಳು.

"ಜ್ವರಕ್ಕೆ ಕೂತವೆ. ಮುಟ್ಟಂಗಿಲ್ಲ."

ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಒಂದು ದಿನಕ್ಕೂ ಹೆಚ್ಚು ಹೊತ್ತು ಕೂತುಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ತಟ್ಟೆ ಅಲುಗಿಸಬಾರದು, ಕಾಗದ ಎಳೆಯಬಾರದು. ಎಳೆದರೆ ಬೆಳೆಯೇ ಹೋಗುತ್ತದೆ. ಬಾಗಿಲಿನಿಂದಲೇ ಇಣುಕಿದೆ. ಹಂತ ಹಂತವಾಗಿ ಜೋಡಿಸಿದ ತಟ್ಟೆಗಳು. ಪ್ರತಿ ತಟ್ಟೆಯ ಅಂಚಿನಲ್ಲೂ ನಮ್ಮ ವಿಶ್ವವಿದ್ಯಾಲಯದ ಹಾಳೆಗಳು ಇಣುಕುತ್ತಿದ್ದವು. ಒಂದೆಡೆ ಗ್ರಂಥಾಲಯದ ಠೇವಣಿ ಪುಸ್ತಕ, ಒಂದೆಡೆ ಯಾವುದೋ ಸಭೆಯ ನಡವಳಿ, ಅಧ್ಯಕ್ಷರ ಸಹಿಯ ಮೇಲೆ ಸಾಲಾಗಿ ತಲೆ ಎತ್ತಿ ಕೂತ ಹುಳುಗಳು. ಬೇರೆ ಯಾವ ಹೊತ್ತಿನಲ್ಲಾದರೂ ನಗು ಬರುತ್ತಿತ್ತು. ಆಗ ಬರಲಿಲ್ಲ.

"ಯಾವ್ ಕಾಗದ ಅಂತ ಹೇಳೇ" ಎಂದು ಅತ್ತೆ ಎರಡು ಸಲ ಕೇಳಿದಳು. "ಏನಿಲ್ಲ ಬಿಡತ್ತೆ, ನಾನೇ ನೋಡ್ಕೊಂತೀನಿ" ಎಂದೆ. ನಾನು ಮಾಡಿದ ಘನಕಾರ್ಯ ಅವಳ ಮುಂದೆ ಹೇಳಿಕೊಳ್ಳಲು ನಾಚಿಕೆ. ಅವಳ ಪಾಲಿಗೆ ನಾನು ನೆಂಟರಲ್ಲೆಲ್ಲ ಬುದ್ಧಿವಂತೆ. ಆ ದಿನ, ಮಾರನೆಯ ದಿನ ಮಧ್ಯಾಹ್ನದವರೆಗೆ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದೆ. ಜ್ವರ ಬಿಟ್ಟು ಹುಳು ಎದ್ದವು. ಸೊಪ್ಪು ಹಾಕಿ, ಹುಳು ಸೊಪ್ಪಿಗೆ ಹತ್ತಿದ ಮೇಲೆ ಒಂದೊಂದೇ ತಟ್ಟೆಯ ಕಾಗದ ಬಿಡಿಸಿಕೊಟ್ಟಳು. ಹಿಕ್ಕೆ ಕೊಡವಿ, ಹಸಿರು ಕಲೆಯ ನಡುವೆ ಒಂದೊಂದೇ ಹಾಳೆ ಓದಿದೆ. ಹದಿನಾಲ್ಕು ಹೆಸರಿನ ಮೊದಲ ಪುಟ ಸಿಕ್ಕಿತು. ನರಸಿಂಹಪ್ಪನವರ ಹಾಳೆ ಸಿಗಲಿಲ್ಲ. ಹಿಂದಿನ ಸಲ ಬಿಡಿಸಿದ ಕಾಗದಗಳೆಲ್ಲಿ ಎಂದರೆ, ಸುಟ್ಟಾಯಿತು ಎಂದಳು. ರೋಗ ಹರಡಬಾರದೆಂದು ಹುಳುಮನೆಯ ಕಸವನ್ನು ಸುಡುವುದು ಅವಳ ಪದ್ಧತಿ.

ನಾನು ಅಳತೊಡಗಿದೆ. ಆಗ ಅತ್ತೆಗೆ ಎಲ್ಲ ಹೇಳಿದೆ. ಒಂದೇ ಹೆಸರಿದ್ದ ಹಾಳೆ, ಉಳಿದದ್ದೆಲ್ಲ ಖಾಲಿ.

ಅತ್ತೆ ಕೈ ಕೊಡವಿಕೊಂಡು ನನ್ನ ಪಕ್ಕ ಕೂತಳು. "ಅದಾ? ಅದನ್ನ ನೆನ್ನೆ ಬಂದ ತಕ್ಷಣ ಕೇಳಿದ್ರೆ ಹೇಳ್ತಿದ್ನಲ್ಲೇ. ಅದನ್ನ ಚಾಕಿಗೆ ಹಾಕ್ದೆ. ಅಂಥಾ ಒಳ್ಳೇ ಖಾಲಿ ಹಾಳೆ ಇನ್ನೊಂದು ಇರ್ಲಿಲ್ಲ. ಮೇಲ್ಗಡೆ ಇಂಕಿತ್ತು ಅಂತ ಆ ತುದಿ ಹರಿದು ಒಲೆಗಿಟ್ಟೆ. ಹರಿಯೋವಾಗ ಓದ್ದೆ ಕಣೇ. ನರಸಿಂಹಪ್ಪ, ಗೌರಿಬಿದನೂರು ತಾಲ್ಲೂಕು ಅಂತಿತ್ತು. ಎಷ್ಟು ಚೆನ್ನಾಗಿತ್ತು ಅಕ್ಷರ. ಇಷ್ಟು ದೊಡ್ಡ ಹಾಳೇಲಿ ಇವ್ರೊಬ್ಬರೇ ಯಾಕಪ್ಪ ಅಂದ್ಕೊಂಡೆ."

ಎಷ್ಟೋ ವರ್ಷ ಯಾರೂ ತಿರುಗಿಸದ ಹಾಳೆಯನ್ನು ನಾಲ್ಕನೇ ಕ್ಲಾಸು ಓದಿದ ನಮ್ಮತ್ತೆ ಓದಿದ್ದಳು, ಓದಿ ಆಶ್ಚರ್ಯಪಟ್ಟಿದ್ದಳು, ಆಮೇಲೆ ಒಲೆಗಿಟ್ಟಿದ್ದಳು. ಅವಳ ತಪ್ಪೇನು? ಇಂಕು ಎಳೆಯ ಹುಳುವಿಗೆ ಆಗುವುದಿಲ್ಲವಲ್ಲ.

ಸೋಮವಾರ ಪ್ರೊಫೆಸರ ಮುಂದೆ ನಿಂತೆ. ಅವರು ಕೆಟ್ಟವರಲ್ಲ, ಅದನ್ನು ಹೇಳಿಬಿಡಬೇಕು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಅಕ್ಷರ ಅವರದು ಅಂದ್ರೆ ಅವರು ಬರೆದ್ರು ಅಂತ ಆಯ್ತು. ವಿದ್ಯಾರ್ಥಿ ಆಗಿದ್ರು ಅಂತ ಆಗಲ್ವಲ್ಲಮ್ಮ. ಇನ್ನು ನಿಮ್ಮತ್ತೆ ಒಲೆ ಹಚ್ಚೋವಾಗ ಓದಿದ್ದನ್ನ ಅಡಿಟಿಪ್ಪಣಿಗೆ ಹಾಕಕ್ಕಾಗುತ್ತಾ?" ಎಂದರು. ನಾನು ಸಹಿ ಹಾಕಿ ನಾಶ ಮಾಡಿದ್ದೇನೆಂದು ಬರೆದುಕೊಡುತ್ತೇನೆ ಎಂದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೀವಿನ್ನೂ ಪರ್ಮನೆಂಟ್ ಆಗಿಲ್ಲ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಒಂಬತ್ತು ದಿನ ಮಾಡಿದೆ. ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡು ಒಂಬತ್ತು ದಿನ ಓಡಾಡಿದೆ. ಮನೆಯಲ್ಲಿ ಎಲ್ಲರಿಗೂ ಮುಂದಿನ ವರ್ಷ ನನ್ನ ಕೆಲಸ ಕಾಯಂ ಎಂದು ಹೇಳಿಯಾಗಿತ್ತು. ಸುಜಾತರಿಂದ ಎರಡು ಸಲ ಫೋನು ಬಂತು, ಎರಡು ಸಲವೂ ಹುಡುಕುತ್ತಿದ್ದೇವೆ ಎಂದೆ. ಇದನ್ನು ಹೇಳುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಹತ್ತನೆಯ ದಿನ ಪತ್ರವನ್ನೂ, ಹುಳುಮನೆಯಿಂದ ತಂದ ಮೊದಲ ಪುಟವನ್ನೂ, ಅತ್ತೆ ಹೆಬ್ಬೆಟ್ಟು ಒತ್ತದೆ ಹಟ ಹಿಡಿದು ಸಹಿ ಹಾಕಿಕೊಟ್ಟ ಹೇಳಿಕೆಯನ್ನೂ ಪ್ರೊಫೆಸರ ಮೇಜಿನ ಮೇಲಿಟ್ಟೆ. ಅವರು ಮೂರನ್ನೂ ಓದಿದರು. ನನ್ನ ಪತ್ರವನ್ನು ಎರಡು ಸಲ ಓದಿದರು.

"ನಿನ್ನೆಯೇ ತಂದಿದ್ರೆ ಆಗ್ತಿತ್ತು. ಆ ಪುಟಗಳು ರಾತ್ರಿ ಅಚ್ಚಾದ್ವು" ಎಂದರು.

ನನ್ನ ಒಂಬತ್ತು ದಿನಗಳ ಫಲ. ಕೊನೆಗೆ ಅವರೇ ದಾರಿ ಹುಡುಕಿದರು. ಒಂದು ಚೀಟಿ ಅಚ್ಚು ಹಾಕಿಸಿ ಪ್ರತಿ ಪುಸ್ತಕದೊಳಗೂ ಇಡಿಸುವುದು. "ಮೊದಲ ತಂಡದಲ್ಲಿ ಶ್ರೀ ನರಸಿಂಹಪ್ಪ, ಗೌರಿಬಿದನೂರು ತಾಲ್ಲೂಕು, ಇವರ ಹೆಸರನ್ನೂ ಸೇರಿಸಿ ಓದಿಕೊಳ್ಳಬೇಕು." ಒಳ್ಳೆಯ ಕಾಗದ, ಒಳ್ಳೆಯ ಅಚ್ಚು. ನನಗೆ ಗೆದ್ದಷ್ಟು ಸಂತೋಷವಾಯಿತು. ಒಂದು ಪ್ರತಿ ಹಿಡಿದು ಮಂಚೇನಹಳ್ಳಿ ಮೇಲಿನ ಬಸ್ಸಿನಲ್ಲಿ ಗೌರಿಬಿದನೂರಿಗೆ ಹೋದೆ.

ಸಣ್ಣ ಮನೆ, ಗೋಡೆಯ ತುಂಬ ತಮ್ಮ ತಂಗಿಯರ, ಮಕ್ಕಳ ಪದವಿಯ ಫೋಟೋಗಳು, ನಡುವೆ ಕಣ್ಣು ಮುಚ್ಚಿ ಕೂತ ಬುದ್ಧ. ನರಸಿಂಹಪ್ಪ ಮೇಷ್ಟ್ರು ಒಗೆದ ಬಿಳಿ ಅಂಗಿ ಹಾಕಿಕೊಂಡು ನನಗಾಗಿ ಕಾಯುತ್ತಿದ್ದರು. ನಾನು ಮೊದಲು ತಪ್ಪೊಪ್ಪಿಗೆ ಮುಗಿಸಿದೆ. ಸಹಿ, ಹುಳು, ಒಲೆ, ಒಂಬತ್ತು ದಿನ, ಯಾವುದನ್ನೂ ಬಿಡಲಿಲ್ಲ. ಸುಜಾತ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಆಕೆ ನನ್ನನ್ನು ನೋಡಿದ ರೀತಿಯನ್ನು ನಾನು ಮರೆತಿಲ್ಲ, ಮರೆಯಲೂಬಾರದು.

ಮೇಷ್ಟ್ರು ಕೇಳಿದ್ದು ಒಂದೇ. "ಸಹಿ ಮಾಡೋವಾಗ ಹಾಳೆ ತಿರುವಲಿಲ್ವಾ ಅಮ್ಮ?"

"ಇಲ್ಲ ಸಾರ್."

ಅವರು ತಲೆಯಾಡಿಸಿ ಪುಸ್ತಕ ಕೈಗೆ ತೆಗೆದುಕೊಂಡರು. ತೆರೆಯುತ್ತಲೇ ಚೀಟಿ ತೊಡೆಯ ಮೇಲೆ ಬಿತ್ತು. ಎತ್ತಿ ಓದಿದರು. ಹಿಂದೆ ಮುಂದೆ ತಿರುಗಿಸಿದರು.

"ಮತ್ತೆ ಬೇರೆ ಹಾಳೆನೇನಮ್ಮ?" ಎಂದರು.

ಕೋಪದಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ತರಗತಿಯಲ್ಲಿ ಲೆಕ್ಕ ತಪ್ಪು ಮಾಡಿದ ಮಗುವನ್ನು ಕೇಳುವಷ್ಟು ಮೆಲ್ಲಗೆ ಕೇಳಿದರು. ಚೀಟಿಯನ್ನು ಬರೆದದ್ದು ನಾನು, ಪ್ರೂಫ್ ತಿದ್ದಿದ್ದು ನಾನು, ಅದನ್ನು ಹೆಮ್ಮೆಯಿಂದ ಹೊತ್ತು ತಂದವಳು ನಾನು. ಇದು ಮತ್ತೊಂದು ಬೇರೆ ಹಾಳೆ ಎಂದು ನನಗೆ ಒಂದು ಕ್ಷಣವಾದರೂ ಹೊಳೆದಿರಲಿಲ್ಲ. ಆ ಗುಮಾಸ್ತನಿಗೂ ಹೊಳೆದಿರಲಿಕ್ಕಿಲ್ಲ.

"ಅಚ್ಚಾಗ್ಬಿಟ್ಟಿತ್ತು ಸಾರ್, ಒಳಗೆ ಜಾಗ ಇರ್ಲಿಲ್ಲ" ಎಂದೆ.

ಮೇಷ್ಟ್ರು ಪುಟ ಹುಡುಕಿ ತೆರೆದರು. ಹದಿನಾಲ್ಕು ಹೆಸರು, ಅದರ ಕೆಳಗೆ ಅರ್ಧ ಪುಟ ಬಿಳುಪು. ಅಲ್ಲಿ ಬೆರಳಿಟ್ಟರು.

"ಜಾಗ ಇದೆಯಲ್ಲಮ್ಮ. ಆವತ್ತೂ ಇತ್ತು."

ನಾನು ಬ್ಯಾಗಿನಲ್ಲಿ ತಡಕಾಡಿ ಪೆನ್ನು ತೆಗೆದು ಅವರ ಮುಂದೆ ಹಿಡಿದೆ. ಅವರದೇ ಅಕ್ಷರದಲ್ಲಿ ಅವರ ಹೆಸರು ಬರಲಿ ಎಂಬ ದೊಡ್ಡ ಭಾವನೆ ನನ್ನದು. ಅವರು ಪೆನ್ನು ಮುಟ್ಟಲಿಲ್ಲ. ಪುಸ್ತಕವನ್ನು ನನ್ನ ಕಡೆ ತಿರುಗಿಸಿ ತಳ್ಳಿದರು.

"ಆವತ್ತು ನನ್ನ ಕೈಲೇ ಬರೆಸಿದ್ರು. ಇವತ್ತು ನೀವು ಬರೀರಿ."

ಬರೆದೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂದು ನಮ್ಮಪ್ಪ ಹೇಳುತ್ತಿದ್ದರು. ಆ ದಿನ ಇನ್ನೂ ಕೆಟ್ಟದಾಗಿ ಬಂತು. ಹದಿನೈದು, ಶ್ರೀ ನರಸಿಂಹಪ್ಪ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಸಾಕು" ಎಂದರು. ಚೀಟಿಯನ್ನು ನನಗೆ ವಾಪಸು ಕೊಟ್ಟು ಪುಸ್ತಕವನ್ನು ಇಟ್ಟುಕೊಂಡರು.

ನನ್ನ ಕೆಲಸ ಕಾಯಂ ಆಗಲು ಆ ಪತ್ರದ ದೆಸೆಯಿಂದ ತಡವಾಯಿತು, ಆದರೆ ಆಯಿತು. ಮೇಷ್ಟ್ರು ಈಗ ಇಲ್ಲ. ಆ ಪುಸ್ತಕ ಸುತ್ತಲಿನ ಕಾಲೇಜುಗಳ ಗ್ರಂಥಾಲಯಗಳಿಗೆಲ್ಲ ಹೋಗಿದೆ. ಒಳಗಿನ ಚೀಟಿಗಳು ಎಂದೋ ಉದುರಿಹೋಗಿವೆ. ಅಂದಿನಿಂದ ನಾನು ಯಾವ ಕಾಲೇಜಿಗೆ ಪರೀಕ್ಷೆಗೋ ಭಾಷಣಕ್ಕೋ ಹೋದರೂ ಬಿಡುವು ಮಾಡಿಕೊಂಡು ಗ್ರಂಥಾಲಯಕ್ಕೆ ಹೋಗುತ್ತೇನೆ. ಆ ಪುಸ್ತಕ ಕೇಳಿ ತೆಗೆಸುತ್ತೇನೆ. ಕಪಾಟಿನ ಮರೆಯಲ್ಲಿ ನಿಂತು ಹದಿನೈದನೆಯ ಹೆಸರು ಬರೆಯುತ್ತೇನೆ. ಪುಸ್ತಕದಲ್ಲಿ ಗೀಚಿದ ವಿದ್ಯಾರ್ಥಿಗಳಿಗೆ ದಂಡ ಹಾಕಿಸುವ ಉಪನ್ಯಾಸಕಿಯೇ ಕಳ್ಳಿಯ ಹಾಗೆ ಪೆನ್ನು ಮುಚ್ಚಿಟ್ಟುಕೊಂಡು ಓಡಾಡುವುದನ್ನು ನೆನೆದರೆ ನನಗೇ ನಗು ಬರುತ್ತದೆ. ಗೌರಿಬಿದನೂರಿನಲ್ಲಿ ಆಗಿದೆ, ಶಿಡ್ಲಘಟ್ಟದಲ್ಲಿ ಆಗಿದೆ. ಚಿಂತಾಮಣಿಯ ಕಾಲೇಜಿನಲ್ಲೂ ಮೂರು ವರ್ಷದ ಹಿಂದೆಯೇ ಬರೆದಿದ್ದೆ.

ಮೊನ್ನೆ ಅಲ್ಲಿ ಪರೀಕ್ಷೆಯ ಕೆಲಸ ಮುಗಿಸಿ, ಸುಮ್ಮನೆ ಒಮ್ಮೆ ನೋಡಿ ಹೋಗೋಣವೆಂದು ಗ್ರಂಥಾಲಯಕ್ಕೆ ಹೋದೆ. ಪುಟ ತೆರೆದೆ. ಹದಿನಾಲ್ಕನೆಯ ಹೆಸರಿನ ಕೆಳಗೆ ಯಾರೋ ಶಿಸ್ತಾಗಿ ವೈಟ್ನರ್ ಬಳಿದಿದ್ದರು. ಗ್ರಂಥಪಾಲಕರು ಹೊಸಬರು, ಪಾಪ, ನಗುಮುಖದ ಹುಡುಗಿ. "ಯಾರೋ ಕಿಡಿಗೇಡಿಗಳು ಗೀಚಿದ್ರು ಮೇಡಂ, ನಾನೇ ಕ್ಲೀನ್ ಮಾಡ್ದೆ" ಎಂದಳು.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದು ಯಾರ ಹೆಸರೆಂದು ಹೇಳಿದೆ. ಈ ಸಲ ಕಪಾಟಿನ ಮರೆಗೆ ಹೋಗಲಿಲ್ಲ. ಅವಳು ನೋಡುತ್ತಿರುವಂತೆಯೇ ಪೆನ್ನು ತೆಗೆದು ಆ ಬಿಳುಪಿನ ಮೇಲೆ ಮತ್ತೆ ಬರೆದೆ. ವೈಟ್ನರ್ ಮೇಲೆ ಬರೆದರೆ ಅಕ್ಷರ ಅಚ್ಚಿನ ಹೆಸರುಗಳಿಗಿಂತ ಎದ್ದು ಕಾಣುತ್ತದೆ. ಇದು ನನಗೆ ಗೊತ್ತಿರಲಿಲ್ಲ.